ಏಳನೆಯ ಬಾಗಿಲು ನನ್ನದು

ನಮ್ಮೂರಿನಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಸ್ವಲ್ಪ ಹೊತ್ತು ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ಬಸ್ಸು ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ. ತರಕಾರಿಯವಳು ತಕ್ಕಡಿಯ ಮೇಲೆ ಒದ್ದೆ ಬಟ್ಟೆ ಹೊದಿಸಿ ಗೋಡೆಗೆ ಒರಗುತ್ತಾಳೆ. ಒಂದು ಎಲೆ ಅಡಿಕೆ ಅಗಿದು ಮುಗಿಸುವಷ್ಟು ಹೊತ್ತು, ಅವರವರ ಸತ್ತವರು ಅವರವರಿಗೆ ಏನಾದರೂ ಹೇಳುತ್ತಾರೆ. ದೊಡ್ಡ ಮಾತೇನಲ್ಲ. ಹುಣಸೆಹಣ್ಣು ಇನ್ನೂ ಹಸಿ ಇದೆ, ನಿನ್ನ ಹೆಗಲ ಮೇಲೆ ದಾರದ ಎಳೆ ಕೂತಿದೆ, ಮೊನ್ನೆ ಹುಟ್ಟಿದ ಕೂಸಿನ ಮೂಗು ನಮ್ಮ ಕಡೆಯದೇ, ಇಂಥವು. ಇದನ್ನು ನಾವು ಹಿರೀಕರ ಹೊತ್ತು ಎನ್ನುತ್ತೇವೆ. ಸತ್ತವರು ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಹೀಗೆ ಮಾಡು ಹಾಗೆ ಮಾಡು ಎಂದು ಅಪ್ಪಣೆಯನ್ನೂ ಕೊಡುವುದಿಲ್ಲ. ನಿಮ್ಮವರು ಏನಂದರು ಎಂದು ಇನ್ನೊಬ್ಬರನ್ನು ವಿಚಾರಿಸುವುದು ನಡುಬೀದಿಯಲ್ಲಿ ಸೆರಗು ಎಳೆದಷ್ಟು ಕೆಟ್ಟದ್ದು. ಹಾಲು ಬಿಟ್ಟ ಮಕ್ಕಳಿಗೂ ಇದು ಗೊತ್ತು. ಗೊತ್ತಿದ್ದೂ ವಿಚಾರಿಸಿದವಳು ನಾನು.

ನನ್ನ ಹೆಸರು ವಾರಿಜಾ. ಊರಿನ ಮನೋರೋಗ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ನರ್ಸ್. ಊರಿಗೆ ಊರೇ ಕಣ್ಣು ಮುಚ್ಚಿ ಕೂತಾಗ ಒಬ್ಬರಾದರೂ ಕಣ್ಣು ತೆರೆದಿರಬೇಕಾದ ಜಾಗ ಅದು. ಹಾಗಾಗಿ ದಿನಕ್ಕೊಬ್ಬ ನರ್ಸಿನ ಕಾವಲು. ಕಾವಲಿನವಳು ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಕಿವಿಗೆ ಇಟ್ಟುಕೊಳ್ಳುತ್ತಾಳೆ. ಹತ್ತಿ ಇದ್ದರೆ ಬದುಕಿರುವವರ ಮಾತು ಒಳಗೆ ಬರುತ್ತದೆ, ಸತ್ತವರದು ಬರುವುದಿಲ್ಲ. ಆ ದಿನದ ತನ್ನವರ ಮಾತನ್ನು ಅವಳು ಬಿಟ್ಟುಕೊಟ್ಟ ಹಾಗೆ. ಯಾರಿಗೂ ಇಷ್ಟವಿಲ್ಲದ ಕೆಲಸ. "ನಾಳೆ ನಮ್ಮಮ್ಮ ಹೋದ ದಿನ ಕಣೇ, ನಾಳೆ ಒಂದಿನ ನೀನು ಕೂತ್ಕೋ" ಎಂದು ಒಬ್ಬರು ಇನ್ನೊಬ್ಬರ ಹಿಂದೆ ಬೀಳುವುದು ದಿನಾ ಇದ್ದದ್ದೇ. ನಾನು ಬಂದ ಮೇಲೆ ಆ ಜಗಳ ನಿಂತಿತು. ವಾರಕ್ಕೆ ಆರು ದಿನವೂ ನಾನೇ ಕೂರುತ್ತೇನೆ ಎಂದೆ.

ಹಿರಿಯ ನರ್ಸ್ ಚನ್ನಾಜಮ್ಮ ಸಿಸ್ಟರ್ ಎಲ್ಲರ ಎದುರು ನನ್ನ ಬೆನ್ನು ತಟ್ಟಿದರು. "ನೋಡ್ರೇ, ಕಲೀರಿ. ಸಾಕಿ ಬೆಳೆಸಿದ ಅಜ್ಜಿ ಮಾತನ್ನೇ ನಮಗೋಸ್ಕರ ಬಿಡ್ತಾಳೆ ಈ ಹುಡುಗಿ. ನಾನು ನಮ್ಮ ಯಜಮಾನರ ಮಾತು ಒಂದು ದಿನ ತಪ್ಪಿದ್ರೆ ಸಂಜೆ ತನಕ ಸಿಡುಕ್ತಿರ್ತೀನಿ."

"ಸಿಡುಕದ ದಿನ ಯಾವುದು ಸಿಸ್ಟರ್?" ಎಂದು ಯಾರೋ ಅಂದು ಎಲ್ಲರೂ ನಕ್ಕರು. ನಾನೂ ನಕ್ಕೆ. ತಲೆ ತಗ್ಗಿಸಿ, ನಾಚಿಕೊಂಡವಳಂತೆ ನಕ್ಕೆ. ನಿಜ ಹೇಳಬೇಕೆಂದರೆ ನನಗೆ ಬಿಟ್ಟುಕೊಡಲು ಏನೂ ಇರಲಿಲ್ಲ. ಅಜ್ಜಿ ಸತ್ತು ಹನ್ನೊಂದು ತಿಂಗಳಾಗಿತ್ತು. ಎಲ್ಲರ ಮನೆಯ ಸತ್ತವರೂ ಮೂರು ತಿಂಗಳೊಳಗೆ ಬಾಯಿ ಬಿಡುತ್ತಾರೆ. ನನ್ನ ಅಜ್ಜಿ ಬಿಟ್ಟಿರಲಿಲ್ಲ.

ಬದುಕಿದ್ದಾಗ ಬಾಯಿಗೆ ಬಿಡುವೇ ಇಲ್ಲದವಳು ಅವಳು. ರಾಗಿ ಬೀಸುವಾಗ ಒಂದು ಕಥೆ, ನನ್ನ ತಲೆ ಬಾಚುವಾಗ ಒಂದು. ಹೇನು ಹೆಚ್ಚಿದ್ದರೆ ಉದ್ದದ ಕಥೆ. ಲೋಕದಲ್ಲಿ ಏನು ಕಂಡರೂ ಇದರ ಹಿಂದೆ ಇನ್ನೊಂದು ಇರಬೇಕು ಎಂದು ನೋಡುವ ಚಟ ನನಗೆ ಹತ್ತಿದ್ದು ಅವಳಿಂದಲೇ. ಕೊನೆಯ ಸಲ ಅವಳು ಹೇಳುತ್ತಿದ್ದದ್ದು ಕುಂಬಾರರ ಕಿರಿ ಸೊಸೆಯ ಕಥೆ. ಕೆರೆಯಲ್ಲಿ ಮುಳುಗಿಹೋದ ತಾಯಿಯನ್ನು ಹುಡುಕಿಕೊಂಡು ಸೊಸೆ ನೀರಿನ ಮೆಟ್ಟಿಲು ಇಳಿಯುತ್ತಾಳೆ. ಮೆಟ್ಟಿಲಿಗೊಂದು ಬಾಗಿಲು. ಒಂದೊಂದು ಬಾಗಿಲಲ್ಲೂ ತನ್ನದೊಂದನ್ನು ಕೊಟ್ಟು ಮುಂದೆ ಹೋಗಬೇಕು. ಬಳೆ ಕೊಟ್ಟಳು, ಹೆಸರು ಕೊಟ್ಟಳು, ನೆರಳು ಕೊಟ್ಟಳು. ಆರು ಬಾಗಿಲು ದಾಟಿದಳು. ಅಷ್ಟರಲ್ಲಿ ನಾನು, "ಉಳಿದದ್ದು ಆಮೇಲೆ ಹೇಳು ಅಜ್ಜಿ, ನಾಳೆ ಪರೀಕ್ಷೆ ಇದೆ" ಎಂದೆ. "ಆಗ್ಲಿ ಬಿಡು, ಬಾಗ್ಲು ಎಲ್ಲಿಗೆ ಓಡೋಗುತ್ತೆ" ಎಂದು ಅವಳು ಮಗ್ಗುಲಾದಳು. ಬೆಳಿಗ್ಗೆ ಏಳಲಿಲ್ಲ. ನನ್ನ ಪರೀಕ್ಷೆ ಪಾಸಾಯಿತು.

ಹೈಮಾವತಿ ವಾರ್ಡಿಗೆ ಬಂದದ್ದು ಬೇಸಗೆಯ ಮೊದಲ ವಾರ. ಬಸ್ ಕಂಡಕ್ಟರ್, ಮೂವತ್ತೈದರ ಹೆಂಗಸು. ಗಂಡ ತೀರಿಕೊಂಡಿದ್ದ. ತಂಗಿ ಇಂದುಮತಿಯ ಮನೆಯಲ್ಲಿ ಏಳು ವರ್ಷದ ಮಗಳು ಮೇದಿನಿಯ ಜೊತೆ ಇದ್ದಳು. ಐದು ದಿನದಿಂದ ನಿದ್ದೆ ಮಾಡಿರಲಿಲ್ಲ. ಹಿರೀಕರ ಹೊತ್ತಿನಲ್ಲಿ ಬಸ್ಸು ನಿಂತಾಗ ಎದ್ದು, ಸೀಟು ಸೀಟಿಗೂ ಹೋಗಿ, ಕೂತವರಿಗೆಲ್ಲ ಅವರವರ ಸತ್ತವರು ಏನು ಹೇಳುತ್ತಿದ್ದಾರೆಂದು ಗಟ್ಟಿಯಾಗಿ ಕೂಗಿ ಹೇಳಿದ್ದಳು. ಇಲ್ಲದ ಊರುಗಳಿಗೆ ಟಿಕೆಟ್ ಹರಿದು ಹಂಚಿದ್ದಳು. ಜನ ಅವಳನ್ನು ಇಳಿಸಿ, ಅದೇ ಬಸ್ಸಿನಲ್ಲಿ ಆಸ್ಪತ್ರೆಯ ಬಾಗಿಲಿಗೆ ತಂದು ಬಿಟ್ಟರು.

"ಮುಂದೆ ಹೋಗಿ, ಮುಂದೆ ಹೋಗಿ, ಬಾಗಿಲಲ್ಲಿ ಯಾಕೆ ನಿಂತ್ರಿ, ಹಿಂದಿನ ಜನಕ್ಕೆ ಜಾಗ ಬೇಡ್ವಾ?" ಎಂದು ಬರುತ್ತಲೇ ನಮ್ಮನ್ನೇ ದಬ್ಬಿದಳು. ಡಾಕ್ಟರನ್ನು ನೋಡಿ, "ನೀವು ಪಾಸಾ? ಪಾಸ್ ತೋರ್ಸಿ" ಎಂದಳು. ನನಗೆ ನಗು ತಡೆಯಲಾಗಲಿಲ್ಲ. ನನ್ನ ನಗು ನೋಡಿ ಅವಳು ಮಂಚದ ಮೇಲೆ ಹತ್ತಿ ನಿಂತು ಸೀಟಿ ಊದತೊಡಗಿದಳು.

ಆ ದಿನ ಚನ್ನಾಜಮ್ಮ ಸಿಸ್ಟರ್ ನನ್ನನ್ನು ಔಷಧಿ ಕೋಣೆಗೆ ಕರೆದರು. "ಬೈಪೋಲಾರ್ ಅಂತ ಡಾಕ್ಟ್ರು ಬರೆದಿದಾರೆ. ಜೊತೆಗೆ ಸೈಕೋಸಿಸ್, ಇಲ್ಲದ್ದು ಕೇಳೋದು, ಕಾಣೋದು. ಓದಿದ್ದೀಯ ಅಲ್ವಾ?"

"ಓದಿದೀನಿ ಸಿಸ್ಟರ್."

"ಓದಿದ್ದು ಬಿಡು, ಕೇಳು. ಈ ಕಾಯಿಲೆಯಲ್ಲಿ ಏರೋದೂ ಇದೆ, ಬೀಳೋದೂ ಇದೆ. ಏರಿದಾಗ ಚೆನ್ನಾಗಿ ಕಾಣ್ತಾರೆ, ನಮಗಿಂತ ಚುರುಕು, ನಮಗಿಂತ ತಮಾಷೆ. ನಾವು ನಗ್ತೀವಿ. ನಾವು ನಕ್ಕಷ್ಟೂ ಅವರು ಒಂದೊಂದು ಮೆಟ್ಟಿಲು ಮೇಲೆ ಹತ್ತುತ್ತಾರೆ. ಕೊನೆಗೆ ಬೀಳೋರು ಅವರೇ ತಾಯಿ, ನಾವಲ್ಲ. ಅವಳ ಸುತ್ತ ಗದ್ದಲ ಕಡಿಮೆ ಮಾಡು. ಚುಟುಕಾಗಿ ಮಾತಾಡು. ಊಟ, ನೀರು, ನಿದ್ದೆ, ಇದನ್ನ ನೋಡು."

"ಧ್ವನಿ ಕೇಳುತ್ತೆ ಅಂದ್ರೆ?"

ಅದು ನಮ್ಮೂರಿನ ನರ್ಸುಗಳಿಗೆ ಬೇರೆ ಊರಿನವರಿಗಿಂತ ಕಷ್ಟದ ಪ್ರಶ್ನೆ. ಧ್ವನಿ ಇಲ್ಲಿ ಎಲ್ಲರಿಗೂ ಕೇಳುತ್ತದೆ. ಸಿಸ್ಟರ್ ಬೆರಳು ಮಡಿಚಿದರು. "ಯಾವ ಹೊತ್ತಲ್ಲಿ ಅಂತ ಕೇಳು. ಯಾರದು ಅಂತ ಕೇಳು. ಏನಾದ್ರೂ ಮಾಡು ಅನ್ನುತ್ತಾ ಅಂತ ಕೇಳು. ನಮ್ಮ ಹಿರೀಕರು ಅಪ್ಪಣೆ ಕೊಡಲ್ಲ. ಅಪ್ಪಣೆ ಕೊಟ್ರೆ ಅದು ಕಾಯಿಲೆ, ತಕ್ಷಣ ನನಗೆ ಹೇಳು. ಧ್ವನಿ ಇದೆ ಅಂತ ಅವಳ ಜೊತೆ ಕುಣೀಬೇಡ. ಇಲ್ಲ ಅಂತ ಜಗಳಾನೂ ಆಡ್ಬೇಡ. ಕೇಳಿದಾಗ ನಿನಗೆ ಹೇಗಾಗುತ್ತೆ, ಭಯ ಆಗುತ್ತಾ, ಅಷ್ಟು ಕೇಳು. ಭಯ ಅಂತೂ ನಿಜಾನೇ ಅಲ್ವಾ? ಅದರ ಪಕ್ಕ ಕೂತ್ಕೋ."

ನಾನು ತಲೆಯಾಡಿಸಿದೆ. ಪುಸ್ತಕದಲ್ಲಿ ಬರೆದುಕೊಂಡೂ ಇಟ್ಟೆ.

ಮೊದಲ ಮಧ್ಯಾಹ್ನವೇ, ವಾರ್ಡೆಲ್ಲ ಕಣ್ಣು ಮುಚ್ಚಿ ಕೂತಾಗ, ಹೈಮಾವತಿ ನನ್ನ ಸ್ಟೂಲಿನ ಹತ್ತಿರ ಬಂದು ನೆಲದ ಮೇಲೆ ಕೂತಳು. ನನ್ನ ಮುಖವನ್ನೇ ನೋಡಿದಳು.

"ಸಿಸ್ಟರ್, ನಿಮ್ಮ ಕಿವಿ ಖಾಲಿ ಅಲ್ವಾ?"

"ಕಾವಲು ಹೈಮಕ್ಕ. ಹತ್ತಿ ಇಟ್ಟಿದೀನಿ."

"ಹತ್ತಿ ಇಟ್ಟವರ ಮುಖ ನೋಡಿದೀನಿ ನಾನು. ಹಸಿದವರ ಮುಂದಿನ ಊಟದ ಎಲೆ ಎಳೆದುಕೊಂಡ ಹಾಗಿರುತ್ತೆ. ನಿಮ್ಮ ಮುಖ ಹಾಗಿಲ್ಲ. ನಿಮಗೆ ಎಲೆ ಹಾಕೇ ಇಲ್ಲ."

ಹನ್ನೊಂದು ತಿಂಗಳಲ್ಲಿ ಯಾರೂ ಕಂಡುಹಿಡಿಯದ್ದು ಅದು. ನನಗೆ ಅಳು ಬಂತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಎದ್ದು ಹೋಗಿ ನೀರು ಕುಡಿಯಬೇಕಿತ್ತು. ಮಾರನೆಯ ಮಧ್ಯಾಹ್ನ, ಅವಳು ಯಾರ ಜೊತೆಗೋ ಪಿಸುಗುಡುತ್ತಿರುವಾಗ, ನಾನು ಅವಳ ಹತ್ತಿರ ಬಗ್ಗಿ ಕೇಳಿದೆ. "ಹೈಮಕ್ಕ, ಅಲ್ಲಿ ನಮ್ಮಜ್ಜಿ ಇದ್ದಾರಾ?"

ಅವಳು ಪಿಸುಗುಡುವುದು ಬಿಟ್ಟು ನನ್ನ ಕಡೆ ತಿರುಗಿದಳು. ಕಾಯಿಲೆಯ ಹೆಂಗಸನ್ನು ಯಾರೋ ಮೊದಲ ಬಾರಿ ನಂಬಿದಾಗ ಅವಳ ಮುಖ ಹೇಗಾಗುತ್ತದೆಂದು ನಾನು ನೋಡಿದೆ. ಅದನ್ನು ಮರೆಯಲಾರೆ. "ಹೇಗಿರ್ತಾರೆ ನಿಮ್ಮಜ್ಜಿ?" ಎಂದಳು. ನಾನು ಹೇಳಿದೆ. ಕುಳ್ಳಗೆ, ಎಡಗಣ್ಣಿಗೆ ಪೊರೆ, ಮೂಗಿನಲ್ಲಿ ಕೆಂಪು ಹರಳು. "ಹೂಂ, ಇದಾರೆ. ಹರಳು ಫಳಫಳ ಅಂತಿದೆ" ಎಂದಳು. ನಾನು ಕೊಟ್ಟದ್ದನ್ನೇ ಅವಳು ಹಿಂದಕ್ಕೆ ಕೊಡುತ್ತಿದ್ದಳು. ಈಗ ಅದು ಸೂರ್ಯನಷ್ಟು ಸ್ಪಷ್ಟ. ಆಗ ನಾನು ಇನ್ನಷ್ಟು ಹತ್ತಿರ ಸರಿದು ಕೂತೆ.

ಆಮೇಲೆ ದಿನಾ ಅದೇ. ಕುಂಬಾರರ ಸೊಸೆಯ ಕಥೆಯನ್ನು ನಾನೇ ಆರನೆಯ ಬಾಗಿಲಿನ ತನಕ ಹೇಳಿದೆ. ಮುಂದಿನದನ್ನು ಅಜ್ಜಿಯಿಂದ ಕೇಳಿ ಹೇಳು ಎಂದೆ. ಹೈಮಾವತಿ ಹೇಳತೊಡಗಿದಳು. ಏನು ಹೇಳುತ್ತಿದ್ದಳು! ಏಳನೆಯ ಬಾಗಿಲಿಗೆ ಮೀನಿನ ಬೆನ್ನೆಲುಬಿನ ಚಿಲಕವಂತೆ, ಒಳಗೆ ಸತ್ತವರೆಲ್ಲ ಒದ್ದೆಯಾಗದ ಬಟ್ಟೆ ಉಟ್ಟು ಸಾಲಾಗಿ ಊಟಕ್ಕೆ ಕೂತಿದ್ದಾರಂತೆ, ಬಡಿಸುವವರಿಲ್ಲದೆ ಕಾಯುತ್ತಿದ್ದಾರಂತೆ. ಒಂದು ದಿನಕ್ಕೆ ಒಂದು ತುಂಡು. ನಾನು ಮೊಣಕಾಲು ಅಪ್ಪಿಕೊಂಡು ಹತ್ತು ವರ್ಷದ ಹುಡುಗಿಯಾಗಿ ಕೇಳುತ್ತಿದ್ದೆ. ಧ್ವನಿ ಯಾವ ಹೊತ್ತಲ್ಲಿ, ಯಾರದು, ಅಪ್ಪಣೆ ಕೊಡುತ್ತದಾ, ಇದ್ಯಾವುದನ್ನೂ ನಾನು ಕೇಳಲಿಲ್ಲ. ಚಾರ್ಟಿನಲ್ಲಿ "ಮಧ್ಯಾಹ್ನ ಶಾಂತವಾಗಿದ್ದರು" ಎಂದು ಬರೆದೆ.

ಮೂರನೆಯ ವಾರಕ್ಕೆ ಔಷಧಿ ಹಿಡಿಯಿತು. ಹೈಮಾವತಿ ಆರು ಗಂಟೆ ನಿದ್ದೆ ಮಾಡತೊಡಗಿದಳು. ಮಾತಿನ ವೇಗ ಇಳಿಯಿತು. ಮಗಳ ಶಾಲೆಯ ಸಮವಸ್ತ್ರ ಹರಿದಿತ್ತು, ಇಂದುಮತಿ ಹೊಲಿದಳೋ ಇಲ್ಲವೋ ಎಂದು ವಿಚಾರಿಸಿದಳು. ಚನ್ನಾಜಮ್ಮ ಸಿಸ್ಟರ್ ಖುಷಿಯಾಗಿ, "ಇಳೀತಾ ಇದಾಳೆ, ಮೆತ್ತಗೆ ಇಳೀತಾ ಇದಾಳೆ" ಎಂದರು. ಅಂದೇ ಮಧ್ಯಾಹ್ನ ಅವಳು ನನಗೆ ಹೇಳಿದಳು, "ಯಾಕೋ ಸಿಸ್ಟರ್, ನಿಮ್ಮಜ್ಜಿ ಇವತ್ತು ದೂರ ನಿಂತಿದಾರೆ. ಬಾಯಿ ಅಲ್ಲಾಡೋದು ಕಾಣುತ್ತೆ, ಮಾತು ಕೇಳ್ಸಲ್ಲ."

ನಾನು ಏನು ಮುಖ ಮಾಡಿದೆನೋ. ಅವಳು ಅದನ್ನು ನೋಡಿ ಪಾಪ ಅಂದುಕೊಂಡಿರಬೇಕು. ಮರುದಿನ ಮಧ್ಯಾಹ್ನದ ಮಾತ್ರೆ ಕೊಟ್ಟೆ. ನುಂಗಿದ ಮೇಲೆ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುವುದು ನಮ್ಮ ಕ್ರಮ. ನಾನು ನೋಡಲಿಲ್ಲ. ಅವಳು ಕಿಟಕಿಯ ಕಡೆ ತಿರುಗಿ ಅಂಗೈಗೆ ಏನನ್ನೋ ಉಗುಳಿದ್ದು ನನಗೆ ಕಂಡಿತು. ನಾನು ಪೆನ್ನಿನ ಮುಚ್ಚಳ ತೆಗೆದು "ಕೊಡಲಾಗಿದೆ" ಎಂದು ಬರೆದೆ. ಅದರ ಮರುದಿನವೂ. ಒಂಬತ್ತು ದಿನ. ಅಜ್ಜಿ ಮತ್ತೆ ಹತ್ತಿರ ಬಂದಳು.

ಭೇಟಿಯ ಭಾನುವಾರ ಇಂದುಮತಿ ಮೇದಿನಿಯನ್ನು ಕರೆದುಕೊಂಡು ಬಂದಳು. ಹೈಮಾವತಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಆಸ್ಪತ್ರೆಯ ಹಿಂದಿನ ಕೊಳದಲ್ಲಿ ಏಳು ಬಾಗಿಲು ಇದೆ, ಅಪ್ಪ ಅಲ್ಲಿ ಊಟಕ್ಕೆ ಕೂತಿದಾರೆ, ನಾವಿಬ್ಬರೂ ಹೋಗಿ ಬಡಿಸೋಣ ಎಂದಳಂತೆ. ಇದು ನನಗೆ ಗೊತ್ತಾದದ್ದು ಆಮೇಲೆ. ಇಂದುಮತಿ ಅಲ್ಲೇ ಮಗುವನ್ನು ಕಿತ್ತುಕೊಂಡು ಹೋಗಿದ್ದಳು. ಯಾರಿಗೂ ಏನೂ ಹೇಳಿರಲಿಲ್ಲ.

ಸೋಮವಾರ ಮಧ್ಯಾಹ್ನ ಹೈಮಾವತಿಯ ಕಣ್ಣು ಉರಿಯುವ ಹಾಗಿದ್ದವು. "ಇವತ್ತು ಚಿಲಕ ತೆಗೀತಾರೆ" ಎಂದಳು. ಕಥೆಯ ಕೊನೆ ಬಂತು ಎಂದು ನಾನು ಅರ್ಥ ಮಾಡಿಕೊಂಡೆ. ಒಂದು ಅಕ್ಷರವೂ ಮರೆಯಬಾರದು ಎಂದು, ಬರೆದುಕೊಳ್ಳಲು ನೋಟ್‌ಬುಕ್ ತರೋಣವೆಂದು ನನ್ನ ಬೀರುವಿನ ಕೋಣೆಗೆ ಓಡಿದೆ. ಕಾವಲಿನವಳು ಸ್ಟೂಲು ಬಿಟ್ಟು ಏಳಬಾರದು. ಹಿಂದಿನ ಬಾಗಿಲಿನ ಚಿಲಕ ಹಾಕಿದ್ದೆನೋ ಇಲ್ಲವೋ ಎಂದೂ ನೋಡಲಿಲ್ಲ. ತಿರುಗಿ ಬಂದಾಗ ಮಂಚ ಖಾಲಿ. ಬಾಗಿಲು ಹಾರು ಹೊಡೆದಿತ್ತು.

ಕೂಗಿದೆ. ಕೂಗಿದರೆ ಯಾರು ಏಳುತ್ತಾರೆ? ಕಾರಿಡಾರಿನ ಉದ್ದಕ್ಕೂ ಆಯಾಗಳು, ಅಡುಗೆಯವರು, ಡಾಕ್ಟರು, ಎಲ್ಲರೂ ಕಣ್ಣು ಮುಚ್ಚಿ ಅವರವರ ಸತ್ತವರ ಜೊತೆ. ಆ ಹೊತ್ತಿನಲ್ಲಿ ಮನುಷ್ಯರನ್ನು ಮುಟ್ಟುವುದು ಊರಿನಲ್ಲಿ ಯಾರೂ ಮಾಡದ ಕೆಲಸ. ಚನ್ನಾಜಮ್ಮ ಸಿಸ್ಟರ್ ಬೆಂಚಿನ ಮೇಲೆ, ತುಟಿಯಲ್ಲಿ ಸಣ್ಣ ನಗು ಇಟ್ಟುಕೊಂಡು, ಗಂಡನ ಮಾತು ಕೇಳುತ್ತ ಕೂತಿದ್ದರು. ನಾನು ಅವರ ಎರಡೂ ಭುಜ ಹಿಡಿದು ಅಲುಗಾಡಿಸಿದೆ. ಆ ನಗು ಅರ್ಧದಲ್ಲಿ ಒಡೆದು ಕಣ್ಣು ತೆರೆದರು. ಏನು ಎತ್ತ ಕೇಳಲಿಲ್ಲ. ಎದ್ದು ಓಡಿದರು.

ಹೈಮಾವತಿ ಕೊಳದ ಮೆಟ್ಟಿಲಲ್ಲಿದ್ದಳು. ಎದೆಯ ಮಟ್ಟ ನೀರು. ಬಳೆಗಳನ್ನು ಮೇಲಿನ ಮೆಟ್ಟಿಲಲ್ಲಿ ತೆಗೆದಿಟ್ಟಿದ್ದಳು. "ಆರು" ಎನ್ನುತ್ತಿದ್ದಳು, ಕಾಲಿನಿಂದ ಮುಂದಿನ ಮೆಟ್ಟಿಲು ಹುಡುಕುತ್ತ. ನಾನು ದಡದಲ್ಲಿ ಕಲ್ಲಾದೆ. ಸಿಸ್ಟರ್ ಸೀರೆ ಸಮೇತ ಇಳಿದರು. ಇಳಿದು, ಅವಳನ್ನು ಹಿಡಿಯಲಿಲ್ಲ, ಬಾಗಿಲು ಗೀಗಿಲು ಇಲ್ಲ ಎನ್ನಲೂ ಇಲ್ಲ. ಪಕ್ಕದಲ್ಲಿ ನಿಂತರು.

"ನೀರು ಬಲು ತಣ್ಣಗಿದೆ ಕಣಮ್ಮ ಹೈಮಾವತಿ. ನನಗೆ ಭಯ ಆಗ್ತಿದೆ. ನಿನಗೆ?"

ಹೈಮಾವತಿ ಮೆಟ್ಟಿಲು ಹುಡುಕುವುದನ್ನು ನಿಲ್ಲಿಸಿ, "ಆಗ್ತಿದೆ" ಎಂದಳು. ಹಲ್ಲು ಕಟಕಟ ಎನ್ನುತ್ತಿದ್ದವು. "ಬಡಿಸು ಅಂತಾರೆ. ಬಾ ಬಾ ಅಂತಾರೆ. ಬಿಡ್ತಾನೇ ಇಲ್ಲ."

"ಬಿಡದೇ ಕಾಡಿದ್ರೆ ಯಾರಿಗಾದ್ರೂ ಸುಸ್ತಾಗುತ್ತೆ. ಕೈ ಕೊಡು. ಇಬ್ಬರೂ ಸೇರಿ ಒಂದು ಮೆಟ್ಟಿಲು ಮೇಲೆ ಹೋಗೋಣ. ಒಂದೇ."

ಒಂದೊಂದೇ ಎಂದು ಆರೂ ಮೆಟ್ಟಿಲು ಹತ್ತಿಸಿದರು.

ವಿಚಾರಣೆ ನಡೆಯಿತು. ನೋಟ್‌ಬುಕ್ ತರಲು ಹೋದೆ ಎನ್ನಲಿಲ್ಲ, ಬೇರೆ ರೋಗಿಗೆ ನೀರು ಕೊಡಲು ತಿರುಗಿದ್ದೆ ಎಂದೆ. ರಕ್ತ ಪರೀಕ್ಷೆಯಲ್ಲಿ ಔಷಧಿಯ ಮಟ್ಟ ಬಿದ್ದಿರುವುದು ಕಂಡಿತು. ರೋಗಿ ಮಾತ್ರೆ ಬಚ್ಚಿಟ್ಟು ಉಗುಳಿದ್ದಾಳೆ, ಅಪ್ಪಣೆಯ ಧ್ವನಿಯನ್ನು ಎಲ್ಲರಿಂದ ಮುಚ್ಚಿಟ್ಟಿದ್ದಾಳೆ, ಕಪಟಿ ಎಂದು ಬರೆಯಲಾಯಿತು. ಕಪಟಿ ಎಂಬ ಪದವನ್ನು ಡಾಕ್ಟರು ಹೇಳಿದರು, ಬರೆದುಕೊಂಡವಳು ನಾನು. ನನಗೆ ಒಂದು ಎಚ್ಚರಿಕೆ ಪತ್ರವೂ ಬರಲಿಲ್ಲ. "ಪಾಪ, ಹೆದರಿಹೋಗಿದೆ ಹುಡುಗಿ" ಎಂದು ಚನ್ನಾಜಮ್ಮ ಸಿಸ್ಟರ್ ನನಗೆ ಕಾಫಿ ತರಿಸಿಕೊಟ್ಟರು. ಕುಡಿದೆ.

ಏರಿದ್ದವಳು ಬಿದ್ದಳು. ಐದು ವಾರ ಹೈಮಾವತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಸೀಟಿ ಊದುತ್ತಿದ್ದ ಆ ಹೆಂಗಸು ಬಾಯಿಗೆ ಇಟ್ಟ ಗಂಜಿಯನ್ನು ನುಂಗುವುದನ್ನೂ ಮರೆಯುತ್ತಿದ್ದಳು. ಸ್ನಾನ ಮಾಡಿಸಿದೆ, ತಲೆ ಬಾಚಿದೆ, ಮಾತ್ರೆ ಕೊಟ್ಟ ಮೇಲೆ ಪ್ರತಿ ಸಲವೂ ನಾಲಿಗೆ ಎತ್ತಿಸಿ ನೋಡಿದೆ. "ಎಷ್ಟು ಸೇವೆ ಮಾಡ್ತಾಳೆ ನೋಡಿ" ಎಂದರು ಜೊತೆಯವರು. ಆ ಹೊಗಳಿಕೆ ನನಗೆ ಬಿಸಿ ಎಣ್ಣೆಯ ಹಾಗೆ ಸಿಡಿಯುತ್ತಿತ್ತು. ಆದರೂ ಬಾಯಿ ತೆರೆಯಲಿಲ್ಲ. ನಾಳೆ ಹೇಳುತ್ತೇನೆ ಎನ್ನುತ್ತಿದ್ದೆ. ಹೇಳದೆ ಇರಲು ನನಗೆ ದಿನಾ ಒಂದು ಒಳ್ಳೆಯ ಕಾರಣ ಸಿಗುತ್ತಿತ್ತು. ಅವಳು ಈಗ ತಡೆದುಕೊಳ್ಳಲಾರಳು ಎಂಬುದು ಅವುಗಳಲ್ಲೆಲ್ಲ ಅಂದವಾದದ್ದು.

ಮೆಲ್ಲನೆ ಅವಳು ಚೇತರಿಸಿಕೊಂಡಳು. ಮೊದಲು ಉಪ್ಪು ಸಾಲದು ಎಂದಳು. ಆಮೇಲೆ ಎದ್ದು ಕೂತಳು. ಮಳೆಗಾಲ ಮುಗಿಯುವಷ್ಟರಲ್ಲಿ, ಪಕ್ಕದ ಮಂಚದ ಮುದುಕಿಯನ್ನು ಕೈ ಹಿಡಿದು ಓಡಾಡಿಸುವಷ್ಟಾದಳು. ಡಾಕ್ಟರು ಮನೆಗೆ ಕಳಿಸಬಹುದು ಎಂದರು. ಮಾತುಕತೆಗೆ ಇಂದುಮತಿಯನ್ನು ಕರೆಸುವ ದಿನ ಗೊತ್ತಾಯಿತು. ಆದರೆ ಇಂದುಮತಿ ಮೊದಲೇ ಚೀಟಿ ಕಳಿಸಿದ್ದಳು. ಔಷಧಿ ತಗೋತೀನಿ ಅಂತ ಮೋಸ ಮಾಡಿದವಳು, ಹೆತ್ತ ಮಗುವನ್ನೇ ನೀರಿಗೆ ಇಳಿಸಲು ಬಾಗಿಲು ಗೀಗಿಲು ಅಂತ ತಿಂಗಳಿಂದ ಹೊಂಚು ಹಾಕಿದವಳು. ಅಕ್ಕನನ್ನು ಮನೆಗೆ ಸೇರಿಸುವುದಿಲ್ಲ, ಮೇದಿನಿಯನ್ನು ತೋರಿಸುವುದೂ ಇಲ್ಲ. ಮನೆಯವರು ಬೇಡವೆಂದವರಿಗೆ ನಮ್ಮಲ್ಲಿ ಹಿಂದಿನ ಕಟ್ಟಡವಿದೆ. ಅಲ್ಲಿಗೆ ಹೋದವರು ತಿರುಗಿ ಬಂದದ್ದನ್ನು ನಾನು ಕಂಡಿಲ್ಲ.

ಇಂದುಮತಿ ಬರುವ ದಿನ ಬೆಳಿಗ್ಗೆ ಹೈಮಾವತಿಗೆ ಜಡೆ ಹಾಕುತ್ತಿದ್ದೆ. ಅವಳು ಕನ್ನಡಿ ಕೆಳಗಿಟ್ಟಳು.

"ಸಿಸ್ಟರ್, ನಿಮ್ಮ ಹತ್ರ ಒಂದು ಕ್ಷಮೆ ಕೇಳೋದಿದೆ."

"ನನ್ನ ಹತ್ರಾನಾ?"

"ಆ ಕೊಳ. ನೀವು ಕಾವಲಿದ್ದ ದಿನ. ನಿಮಗೆ ಕೆಟ್ಟ ಹೆಸರು ಬರ್ತಿತ್ತು. ನನಗೆ ಸರಿಯಾಗಿ ನೆನಪಿಲ್ಲ, ಎಲ್ಲ ಕಲಸಿಹೋಗಿದೆ. ಆದ್ರೆ ಒಂದು ತಿಳೀತಿಲ್ಲ." ಅವಳ ಧ್ವನಿ ಸಣ್ಣದಾಯಿತು. "ಏರಿದಾಗ ನಾನು ತಿಕ್ಕಲು ಆಡ್ತೀನಿ, ಗೊತ್ತು. ಟಿಕೆಟ್ ಹಂಚ್ತೀನಿ, ಬಾಯಿ ಮಾಡ್ತೀನಿ. ಅದು ಮೂರು ಸಲ ಆಗಿದೆ. ಆದ್ರೆ ಮಗೂನ ನೀರಿಗೆ ಕರೆಯೋ ಅಂಥ ಬಾಗಿಲು ನನ್ನ ತಲೇಲಿ ಎಲ್ಲಿತ್ತು? ದಿನಾ ಹುಡುಕ್ತೀನಿ. ನಮ್ಮ ಇಂದು ಹೇಳೋದು ಸರಿ ಅನ್ಸುತ್ತೆ. ಅಂಥದ್ದು ಒಳಗಿರೋಳು ಮಗು ಹತ್ರ ಇರಬಾರದು. ಹಿಂದಿನ ಕಟ್ಟಡಕ್ಕೆ ಹೋಗ್ತೀನಿ ಅಂತ ನಾನೇ ಹೇಳಿಬಿಡ್ತೀನಿ ಇವತ್ತು."

ಜಡೆ ನನ್ನ ಕೈಯಲ್ಲಿತ್ತು. ಮೂರು ಕಾಲಲ್ಲಿ ಒಂದು ಕಾಲು ಜಾರಿ ಬಿಚ್ಚಿಕೊಂಡಿತು.

"ಅದು ನಿಮ್ಮದಲ್ಲ ಹೈಮಕ್ಕ" ಎಂದೆ.

"ಏನು?"

"ಬಾಗಿಲು. ಕೊಳದ ಬಾಗಿಲು. ನಮ್ಮಜ್ಜಿ ಹೇಳ್ತಿದ್ದ ಕಥೆ ಅದು. ನಾನೇ ನಿಮಗೆ ಹೇಳಿದ್ದು. ದಿನಾ ಮಧ್ಯಾಹ್ನ. ಮುಂದೇನು ಅಂತ ಅಜ್ಜಿ ಹತ್ರ ಕೇಳಿ ಹೇಳಿ ಅಂತ ನಾನೇ ದುಂಬಾಲು ಬಿದ್ದಿದ್ದೆ."

ಅವಳು ತಿರುಗಿದಳು. ನಾನು ಅವಳ ಕಾಲಬೆರಳುಗಳನ್ನು ನೋಡುತ್ತ ಉಳಿದದ್ದನ್ನೂ ಹೇಳಿದೆ. ಮಾತ್ರೆ ಉಗುಳಿದ್ದನ್ನು ನೋಡಿದ್ದೆ, ಕೊಡಲಾಗಿದೆ ಎಂದು ಬರೆದೆ, ಒಂಬತ್ತು ದಿನ ಬರೆದೆ. ಔಷಧಿ ಹಿಡಿದರೆ ಅಜ್ಜಿಯ ಮಾತು ನಿಲ್ಲುತ್ತದೆ ಎಂಬ ಕಾರಣಕ್ಕೇ ಹಾಗೆ ಬರೆದೆ. ಆ ದಿನ ನೀರು ಕೊಡಲು ತಿರುಗಿರಲಿಲ್ಲ. ಕಾಯಿಲೆ ಅವಳದು, ನಿಜ. ಬೇಸಗೆಯಲ್ಲಿ ಅದು ಇಳಿಯುತ್ತಿತ್ತು, ಅದನ್ನು ಹಿಡಿದು ಮೇಲಕ್ಕೆ ಎಳೆದವಳು ನಾನು.

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಹಾಗಾದ್ರೆ" ಎಂದಳು, ತುಂಬ ನಿಧಾನವಾಗಿ, ಎಡವದೆ ನಡೆಯುವವಳ ಹಾಗೆ. "ಹಾಗಾದ್ರೆ ಅದು ನನ್ನೊಳಗಿಂದ ಬಂದಿದ್ದಲ್ಲ."

"ಅಲ್ಲ."

"ನನ್ನನ್ನ ನೋಡಿ ಹೇಳಿ."

ನೋಡಿದೆ. "ಅಲ್ಲ ಹೈಮಕ್ಕ."

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಕೈ ತೆಗೆದಾಗ ಕಣ್ಣು ಒದ್ದೆಯಿದ್ದವು, ಬಾಯಿ ಮಾತ್ರ ಗಟ್ಟಿ. "ನಾಲ್ಕು ತಿಂಗಳು ಸಿಸ್ಟರ್. ನಾಲ್ಕು ತಿಂಗಳು ನಾನು ನನ್ನನ್ನೇ ರಾಕ್ಷಸಿ ಅಂದ್ಕೊಂಡು ಮಲಗಿದ್ದೆ. ನೀವು ಪಕ್ಕದಲ್ಲೇ ಕೂತು ಗಂಜಿ ಕುಡಿಸ್ತಿದ್ರಿ."

ಕ್ಷಮಿಸಿ ಎನ್ನಲೂ ನಾಚಿಕೆಯಾಯಿತು. ಆ ಮಾತು ಕೂಡ ಅವಳಿಂದ ಏನನ್ನೋ ಕೇಳಿದಂತೆ.

"ಜಡೆ ಮುಗಿಸಿ" ಎಂದಳು. ಮುಗಿಸಿದೆ. "ನಡೀರಿ. ಇಂದು ಬಂದಿರ್ತಾಳೆ. ನನಗೆ ಹೇಳಿದ ಹಾಗೆ ನೆಲ ನೋಡ್ಕೊಂಡು ಗುಣುಗುಣು ಅನ್ಬೇಡಿ. ಕಡೇ ಸೀಟಿಗೂ ಕೇಳೋ ಹಾಗೆ ಹೇಳಿ."

ಮಾತುಕತೆಯ ಕೋಣೆಯಲ್ಲಿ ಡಾಕ್ಟರು, ಚನ್ನಾಜಮ್ಮ ಸಿಸ್ಟರ್, ಇಂದುಮತಿ ಕೂತಿದ್ದರು. ಇಂದುಮತಿ ಪಕ್ಕದ ಕುರ್ಚಿಯ ಮೇಲೆ ತನ್ನ ಚೀಲ ಇಟ್ಟಿದ್ದಳು. ಅಕ್ಕನನ್ನು ಕಂಡರೂ ಅದನ್ನು ತೆಗೆಯಲಿಲ್ಲ. ಹೈಮಾವತಿ ಗೋಡೆಯ ಹತ್ತಿರ ನಿಂತಳು.

"ಏನು ವಾರಿಜಾ, ನೀನ್ಯಾಕೆ ಬಂದೆ?" ಎಂದರು ಸಿಸ್ಟರ್, ಪ್ರೀತಿಯಿಂದಲೇ.

ನಾನು ಶುರು ಮಾಡಿದೆ. ನನ್ನ ಅಜ್ಜಿ ನನ್ನ ಜೊತೆ ಮಾತಾಡುವುದಿಲ್ಲ ಎಂಬಲ್ಲಿಂದ ಶುರು ಮಾಡಿದೆ. ಡಾಕ್ಟರ ಪೆನ್ನು ನಿಂತಿತು. ಕಥೆಯ ಬಾಗಿಲುಗಳ ತನಕ ಬರುವಷ್ಟರಲ್ಲಿ ಚನ್ನಾಜಮ್ಮ ಸಿಸ್ಟರ್ ಮುಖ ನನಗೆ ಗುರುತೇ ಸಿಗದ ಹಾಗಾಯಿತು. ನನ್ನ ಬೆನ್ನು ತಟ್ಟಿದ್ದ ತಮ್ಮ ಅಂಗೈಯನ್ನು ಅವರು ನೋಡಿಕೊಂಡರು. ನಾನು ನಿಲ್ಲಿಸಿದೆ.

"ಮಗು ಹೆಸರು ಬಂತಾ ಅದರಲ್ಲಿ?" ಇಂದುಮತಿ ಕೇಳಿದಳು. ಹಲ್ಲು ಕಚ್ಚಿ ಕೇಳಿದಳು. "ಮೇದಿನೀನ ಕರ್ಕೊಂಡು ಬಾ ಅಂತ ನೀವು ಹೇಳ್ಕೊಟ್ರಾ?"

"ಇಲ್ಲ. ಆದ್ರೆ ಸತ್ತವರು ಬಡಿಸೋರಿಲ್ಲದೆ ಕಾಯ್ತಿದಾರೆ ಅಂದಾಗ, ಆಮೇಲೆ, ಆಮೇಲೆ ಅಂತ ಕೇಳಿದ್ದು ನಾನು. ದಿನಾ ಕೇಳ್ದೆ. ಅವರಿಗೆ ಕಾಯಿಲೆ ಇತ್ತು. ನನಗಿರಲಿಲ್ಲ."

ಇಂದುಮತಿ ಉಗಿಯುತ್ತಾಳೆ ಎಂದು ಕಾದೆ. ಅವಳು ಕೈ ಚಾಚಿ ಪಕ್ಕದ ಕುರ್ಚಿಯ ಮೇಲಿದ್ದ ಚೀಲ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಹೈಮಾವತಿಯ ಕಡೆ ತಿರುಗಲಿಲ್ಲ, ಬಾ ಎನ್ನಲೂ ಇಲ್ಲ. ಖಾಲಿ ಕುರ್ಚಿಯನ್ನು ಅಂಗೈಯಿಂದ ಒಂದು ಸಲ ಒರೆಸಿದಳು, ಅಷ್ಟೇ. ಹೈಮಾವತಿ ಗೋಡೆ ಬಿಟ್ಟು ಬಂದು ಕೂತಳು.

"ಮುಗೀತಾ?" ಎಂದು ಚನ್ನಾಜಮ್ಮ ಸಿಸ್ಟರ್ ಕೇಳಿದರು. ಆ ಧ್ವನಿಯಲ್ಲಿ ಅವರು ಹಿಂದೆಂದೂ ನನ್ನನ್ನು ಮಾತಾಡಿಸಿರಲಿಲ್ಲ.

ಮಾತ್ರೆಯ ವಿಷಯ ಇನ್ನೂ ಉಳಿದಿತ್ತು. "ಇಲ್ಲ ಸಿಸ್ಟರ್" ಎಂದು, ಕಡೇ ಸೀಟಿಗೂ ಕೇಳುವ ಹಾಗೆ, ಅದನ್ನೂ ಹೇಳಿದೆ.